ತಾಯಿ ಕಾರ್ಡಿನ ಗೆರೆ

ಮೊನ್ನೆ ತಿಪಟೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ನನ್ನ ಮಗಳನ್ನು ಎತ್ತಿಕೊಂಡವರೆಲ್ಲ ಕೇಳಿದ್ದು ಒಂದೇ ಮಾತು: "ಏನಮ್ಮ, ಮಗು ಇಷ್ಟು ಸೊರಗಿದೆ? ಹೊಟ್ಟೆಗೆ ಏನು ಹಾಕ್ತೀಯ?" ಪಕ್ಕದಲ್ಲೇ ನನ್ನ ಓರಗಿತ್ತಿಯ ಮಗ ಆಡುತ್ತಿದ್ದ. ಅವನಿಗೂ ಒಂದೂವರೆ ವರ್ಷ. ತೂಕ 11.5 ಕೆಜಿ. ನಮ್ಮವಳು 8.8. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರನೇ ದಿನ, ತಾಯಿ-ಮಗುವಿನ ಆರೋಗ್ಯದ ವಿವರ ಬರೆಯುವ ತಾಯಿ ಕಾರ್ಡ್ ಹಿಡಿದುಕೊಂಡು ಅಂಗನವಾಡಿಗೆ ಹೋದೆ. ಟೀಚರ್ ಸ್ವೆಟರ್, ಚಪ್ಪಲಿ ಎಲ್ಲ ಬಿಚ್ಚಿಸಿ ತೂಗಿದರು. ಅದೇ 8.8. ಆಮೇಲೆ ಚಾರ್ಟ್ ತೆಗೆದರು. ಹೆಣ್ಣು ಮಕ್ಕಳಿಗೆ ಒಂದು, ಗಂಡು ಮಕ್ಕಳಿಗೆ ಇನ್ನೊಂದು. ಒಂದೂವರೆ ವರ್ಷದ ಹೆಣ್ಣು ಮಗುವಿಗೆ ನಡುಗೆರೆ 10.2 ಕೆಜಿ. ಆದರೆ ತೂಕ ಸರಿಯಿದೆ ಅನ್ನುವ ಹಸಿರು ಪಟ್ಟೆ 8.1ರವರೆಗೂ ಇಳಿಯುತ್ತದೆ. ಅದೇ 8.8 ಗಂಡು ಮಗುವಿನ ತೂಕವಾಗಿದ್ದರೆ, ತೂಕ ಕಡಿಮೆ ಅನ್ನುವ ಹಳದಿಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಓರಗಿತ್ತಿಯ ಮಗನ ಜೊತೆ ಹೋಲಿಸಿ ನಾನು ಸುಮ್ನೆ ಸಂಕಟಪಟ್ಟಿದ್ದೆ.

ಮನೆಗೆ ಬಂದು ಹೇಳಿದರೆ ಅತ್ತೆ ಒಪ್ಪಲಿಲ್ಲ. "ಅದೆಲ್ಲ ಫಾರಿನ್ ಮಕ್ಕಳ ಲೆಕ್ಕ ಕಣಮ್ಮ" ಅಂದರು. ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಚಾರ್ಟ್ ತಂದಿದ್ದು ಆರು ದೇಶಗಳ ಮಕ್ಕಳನ್ನು ಅಳೆದು. ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು, ಒಳ್ಳೆಯ ಆರೈಕೆ ಸಿಕ್ಕರೆ ಎಲ್ಲ ಕಡೆಯ ಪುಟ್ಟ ಮಕ್ಕಳೂ ಹೆಚ್ಚು ಕಡಿಮೆ ಒಂದೇ ಥರ ಬೆಳೆಯುತ್ತಾರೆ ಅಂತ ಅದರಿಂದ ಗೊತ್ತಾಯಿತು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಕಾರ್ಡಿನ ಹಳೆಯ ಚುಕ್ಕೆಗಳು. ಹುಟ್ಟಿದಾಗ 2.6. ಆರು ತಿಂಗಳಿಗೆ 6.2. ವರ್ಷಕ್ಕೆ 7.8. ಹದಿನಾಲ್ಕು ತಿಂಗಳಿಗೂ 7.8! ಗೆರೆ ಅಲ್ಲಿ ಮಲಗಿಬಿಟ್ಟಿದೆ. ಆಗ ಅವಳಿಗೆ ವಾರಗಟ್ಟಲೆ ಭೇದಿ, ಜ್ವರ. "ಹಲ್ಲು ಬರ್ತಿದೆ, ಸರಿಹೋಗುತ್ತೆ" ಅಂದರು ಎಲ್ಲರೂ. ಇವತ್ತು ಸೊರಗಿದೆ ಅನ್ನುವವರು ಅವತ್ತು ಏನೂ ಅನ್ನಲಿಲ್ಲ. ಆ ಗೆರೆ ನೋಡಿ ಗಾಬರಿಯಾದವರು ಟೀಚರ್ ಒಬ್ಬರೇ. ಅವರೇ ನಮ್ಮನ್ನು ಡಾಕ್ಟರ ಹತ್ತಿರ ಕಳಿಸಿದ್ದು. ಓಆರ್‌ಎಸ್, 14 ದಿನ ಜಿಂಕ್, ಭೇದಿ ನಿಂತ ಮೇಲೂ ಎರಡು ವಾರ ದಿನಕ್ಕೆ ಒಂದು ಹೊತ್ತು ಜಾಸ್ತಿ ಊಟ. ರಾಗಿ ಸರಿಗೆ ತುಪ್ಪ, ಅನ್ನಕ್ಕೆ ಮೊಟ್ಟೆ. ಹದಿನಾರು ತಿಂಗಳಿಗೆ 8.4 ಆಗಿ, ಗೆರೆ ಮತ್ತೆ ಮೇಲೆದ್ದಿತು. ಆ ಎರಡು ತಿಂಗಳು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಮೊನ್ನೆ ಅಂಗನವಾಡಿಯಲ್ಲಿ ತೋಳಿನ ಸುತ್ತಳತೆಯನ್ನೂ ತೆಗೆದುಕೊಂಡರು. ಮಗು ನಿಜಕ್ಕೂ ಸೊರಗಿದೆಯಾ ಅಂತ ತೋರಿಸುವ ಬಣ್ಣದ ಟೇಪು ಅದು. 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ನಮ್ಮವಳದ್ದು 13.6. ಮಲಗಿಸಿ ಉದ್ದ ಅಳೆದರು, 78 ಸೆಂಟಿಮೀಟರ್. ನಾನು, ನಮ್ಮವರು ಇಬ್ಬರೂ ಸಣ್ಣ ಮೈಯವರೇ. ಅವಳು ಓಡುತ್ತಾಳೆ, ಬೆಕ್ಕಿನ ಹಿಂದೆ ಬೀಳುತ್ತಾಳೆ, ಹಸಿವಾದರೆ ತಟ್ಟೆ ಬಡಿಯುತ್ತಾಳೆ.

ಈಗ ಪ್ರತಿ ತಿಂಗಳು ಅದೇ ತಕ್ಕಡಿಯಲ್ಲಿ ತೂಗಿಸುತ್ತೇನೆ. ಎರಡು ತಿಂಗಳು ಗೆರೆ ನಿಂತರೆ ಯಾರ ಮಾತಿಗೂ ಕಾಯದೆ ಡಾಕ್ಟರ ಹತ್ತಿರ ಹೋಗುವುದು ಅಂತ ನಾವಿಬ್ಬರೂ ತೀರ್ಮಾನಿಸಿದ್ದೇವೆ. ಅತ್ತೆಯೂ ಈಗ ಎಷ್ಟು ಕೆಜಿ ಅಂತ ಕೇಳುವುದಿಲ್ಲ. "ಗೆರೆ ಮೇಲಕ್ಕೆ ಹೋಯ್ತಾ?" ಅಂತ ಕೇಳುತ್ತಾರೆ.