ಮ್ಯೂನಿಕ್‌ನಿಂದ ಪುಲಿಯಾಕ್ಕೆ ಕಾರಿನಲ್ಲಿ: ಸಂಗಾತಿಯ ಮನೆಗೆ ಹೊರಟವರಿಗೆ

ಸಂಗಾತಿಯ ಮನೆ ಇಟಲಿಯ ದಕ್ಷಿಣದಲ್ಲಿದ್ದರೆ ಪ್ರವಾಸದ ಯೋಜನೆಯನ್ನು ಭೂಪಟದಿಂದ ಆರಂಭಿಸಬೇಡಿ, ಭಾನುವಾರದ ಮಧ್ಯಾಹ್ನದ ಊಟದಿಂದ ಆರಂಭಿಸಿ. ಆ ಊಟ ಯಾವ ಭಾನುವಾರ ಎಂಬುದು ಖಚಿತವಾದರೆ ಮಿಕ್ಕ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸಿಕೊಳ್ಳಬಹುದು. ಪುಲಿಯಾ ಪ್ರಾಂತ್ಯದ ಲೊಕೊರೊತೊಂದೊ ಊರಿನ ಬಳಿಯಿರುವ ನನ್ನ ಸಂಗಾತಿಯ ಹೆತ್ತವರ ಮನೆಗೆ ನಾವು ಹೊರಟದ್ದು ಈ ಲೆಕ್ಕದಲ್ಲಿಯೇ. ದಾರಿಯಲ್ಲಿ ಸಿಗುವ ಒಂದು ರಾತ್ರಿಯ ತಂಗುದಾಣದಂತೆ ಆ ಮನೆಯನ್ನು ಪಟ್ಟಿಗೆ ಸೇರಿಸಿದರೆ ಅವರಿಗೆ ಬೇಸರ, ನಿಮಗೆ ಆಯಾಸ. ಕನಿಷ್ಠ ಮೂರು ರಾತ್ರಿಯಾದರೂ ಅಲ್ಲಿರಿ. ಅದಕ್ಕಾಗಿ ವೆನಿಸ್ ಬಿಟ್ಟುಹೋದರೆ ಹೋಗಲಿ.

ಮೊದಲು ಕಾಗದಪತ್ರ. ಜರ್ಮನಿಯ ನಿವಾಸ ಪರವಾನಗಿ ಇದ್ದವರಿಗೆ ಬೇರೆ ವೀಸಾ ಬೇಕಿಲ್ಲ. 180 ದಿನಗಳಲ್ಲಿ 90 ದಿನ ಇಟಲಿಯಲ್ಲಿರಬಹುದು. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡೂ ಕೈಯಲ್ಲಿರಲಿ, ಗಡಿಯಲ್ಲಿ ತಪಾಸಣೆ ಇರುವುದುಂಟು. ಕರ್ನಾಟಕದಿಂದ ನೇರವಾಗಿ ಬರುವವರು ಷೆಂಗೆನ್ ವೀಸಾಕ್ಕೆ ಸಂಗಾತಿಯ ಮನೆಯವರಿಂದ ಸಹಿ ಹಾಕಿದ ಆಹ್ವಾನಪತ್ರ ತರಿಸಿಕೊಳ್ಳಬೇಕು. 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಬೇಕು. ಕಾರು ಓಡಿಸುವುದಾದರೆ ಹೊರಡುವ ಮುನ್ನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಮನೆಯವರಿಗೂ ಒಂದು ಕೆಲಸವಿದೆ: ಯುರೋಪಿನ ಒಕ್ಕೂಟದ ಹೊರಗಿನವರನ್ನು ಮನೆಯಲ್ಲಿ ಇರಿಸಿಕೊಂಡರೆ 48 ಗಂಟೆಗಳೊಳಗೆ ಸ್ಥಳೀಯ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಪ್ರೀತಿಯಿಂದ ಕರೆಯುವವರಿಗೆ ಈ ನಿಯಮ ನೆನಪಾಗುವುದೇ ಇಲ್ಲ. ಅದನ್ನು ನೆನಪಿಸುವ ಹೊಣೆ ನಿಮ್ಮದಲ್ಲ, ಸಂಗಾತಿಯದು.

ದಾರಿ ಸುಮಾರು 1,300 ಕಿಲೋಮೀಟರ್. ಒಂದೇ ದಿನದಲ್ಲಿ ಓಡಿಸಿದೆವು ಎಂದು ಹೇಳಿಕೊಳ್ಳುವವರಿದ್ದಾರೆ. ಅಂಥವರು ಊಟದ ಮೇಜಿನಲ್ಲಿ ತೂಕಡಿಸುತ್ತಾರೆ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಮುಂಗಡ ಸುಂಕದ ಚೀಟಿ ಬೇಕು, ಆದರೆ ಬ್ರೆನ್ನರ್ ಕಣಿವೆಯ ಎ13 ರಸ್ತೆಗೆ ಅದು ಸಾಲದು, ಅಲ್ಲಿನ ಸುಂಕ ಬೇರೆ. ಗಡಿ ದಾಟಿದ ಮೇಲೆ ಎ22ರಲ್ಲಿ ಮೊದೆನಾವರೆಗೆ, ಅಲ್ಲಿಂದ ಬೊಲೊನ್ಯಾ, ಮುಂದೆ ಎ14 ಹಿಡಿದು ಆಡ್ರಿಯಾಟಿಕ್ ಕರಾವಳಿಯ ಉದ್ದಕ್ಕೂ ಬಾರಿ ನಗರದವರೆಗೆ. ರಾತ್ರಿ ತಂಗಲು ಬೊಲೊನ್ಯಾ ಅಥವಾ ರಿಮಿನಿ ಸರಿಯಾದ ಜಾಗ. ಪೋರ್ತೊ ಸಾಂತೆಲ್ಪಿದಿಯೊ ದಾಟಿದ ಮೇಲೆ ಮೂರು ಲೇನ್‌ಗಳು ಎರಡಾಗುತ್ತವೆ, ಲಾರಿಗಳ ಹಿಂದೆ ತಾಳ್ಮೆ ಬೇಕಾಗುತ್ತದೆ. ಅಲ್ಲಿನ ಬೇಸಿಗೆ ರಜೆಯ ಹಬ್ಬವಾದ ಆಗಸ್ಟ್ 15ರ ಆಸುಪಾಸಿನ ಶನಿವಾರಗಳಲ್ಲಿ ಈ ದಾರಿಗೆ ಇಳಿಯಲೇಬೇಡಿ. ಅರ್ಧ ಇಟಲಿ ಸಮುದ್ರದ ಕಡೆಗೆ ಹೊರಟಿರುತ್ತದೆ.

ಟೋಲ್ ಬೂತಿನಲ್ಲಿ ಒಳಹೋಗುವಾಗ ಟಿಕೆಟ್, ಹೊರಬರುವಾಗ ಹಣ. ಟಿಕೆಟ್ ಕಳೆದುಕೊಂಡರೆ ಅತಿ ದೂರದ ಬೂತಿನಿಂದ ಬಂದಿರಿ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಫಾಸ್ಟ್ಯಾಗ್‌ನಂಥ ಟೆಲೆಪಾಸ್ ಸಾಧನ ಇಲ್ಲದವರು ಹಳದಿ ಬಣ್ಣದ ಲೇನಿಗೆ ಹೋಗಬಾರದು. ಕಾರ್ಡಿಗೆ ನೀಲಿ, ನಗದಿಗೆ ನಾಣ್ಯ ನೋಟುಗಳ ಚಿತ್ರವಿರುವ ಬಿಳಿ ಫಲಕ ನೋಡಿ. ವೇಗದ ಮಿತಿ 130, ಮಳೆ ಬಂದರೆ 110. ಪೆಟ್ರೋಲ್ ಬಂಕಿನಲ್ಲಿ ‘ಸೆರ್ವಿತೊ’ ಎಂದು ಬರೆದ ಪಂಪಿನಲ್ಲಿ ಅವರೇ ತುಂಬಿಕೊಡುತ್ತಾರೆ, ದರ ಹೆಚ್ಚು. ನೀವೇ ತುಂಬಿಕೊಳ್ಳುವ ಪಂಪ್ ಅಗ್ಗ. ಡೀಸೆಲ್‌ಗೆ ಅಲ್ಲಿ ‘ಗಾಸೋಲಿಯೊ’ ಎನ್ನುತ್ತಾರೆ.

ದಂಡ ಕಟ್ಟಿಸುವುದು ವೇಗಕ್ಕಿಂತ ಹೆಚ್ಚಾಗಿ ಜೆಡ್‌ಟಿಎಲ್, ಅಂದರೆ ಹಳೆಯ ಊರುಗಳೊಳಗಿನ ಸೀಮಿತ ಸಂಚಾರ ವಲಯ. ಕೆಂಪು ವೃತ್ತದ ಫಲಕ, ಪಕ್ಕದಲ್ಲಿ ಕ್ಯಾಮೆರಾ. ಯಾರೂ ತಡೆಯುವುದಿಲ್ಲ, ತಿಂಗಳುಗಳ ನಂತರ ಮನೆಗೆ ಕಾಗದ ಬರುತ್ತದೆ. ಬಾಡಿಗೆ ಕಾರಾದರೆ ಕಂಪನಿಯ ಶುಲ್ಕವೂ ಸೇರುತ್ತದೆ. ಜಿಪಿಎಸ್ ಹೇಳಿತು ಎಂದು ಬಾರಿಯ ಹಳೆಯ ಪೇಟೆಯೊಳಗೆ ನುಗ್ಗಬೇಡಿ. ಹೊರಗೆ ನಿಲ್ಲಿಸಿ ನಡೆಯಿರಿ: ಬಿಳಿ ಗೆರೆ ಉಚಿತ, ನೀಲಿಗೆ ಹಣ, ಹಳದಿ ಬೇರೆಯವರಿಗೆ ಮೀಸಲು.

ಇನ್ನು ಮನೆ. ಏನು ಒಯ್ಯಬೇಕು ಎಂಬ ಪ್ರಶ್ನೆ ಎಲ್ಲರದೂ. ಧಾರವಾಡ ಪೇಡ, ತುಪ್ಪ ಎರಡನ್ನೂ ಊರಿನಿಂದ ತರುವಂತಿಲ್ಲ. ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದಕ್ಕೆ ನಿಷೇಧವಿದೆ. ಚಿಕ್ಕಿ, ಮೈಸೂರು ಸ್ಯಾಂಡಲ್ ಸೋಪು ಸರಾಗ. ನಾನು ಒಯ್ದದ್ದು ಚಿಕ್ಕಮಗಳೂರಿನ ಕಾಫಿ ಪುಡಿ, ಚಿಕೋರಿ ಬೆರೆಸದ್ದು. ಇಟಲಿಯವರಿಗೆ ಕಾಫಿ ಒಯ್ಯುವುದೇ ಎಂದು ಗೆಳತಿಯೊಬ್ಬಳು ನಕ್ಕಳು. ಭಾರತದ ಕಾಫಿಗೆ ಅತಿ ದೊಡ್ಡ ಗಿರಾಕಿ ಇಟಲಿಯೇ, ನಮ್ಮ ರೋಬಸ್ಟಾ ಅಲ್ಲಿನ ಎಸ್ಪ್ರೆಸ್ಸೊ ಮಿಶ್ರಣಗಳಲ್ಲಿ ಸೇರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಸಂಗಾತಿಯ ತಂದೆ ಆ ಪುಡಿಯನ್ನು ಮೋಕಾ ಪಾತ್ರೆಗೆ ಹಾಕಿ, ಮೊದಲ ಗುಟುಕಿಗೆ ಹುಬ್ಬೇರಿಸಿ, ಎರಡನೆಯದಕ್ಕೆ ಸಕ್ಕರೆ ಬೇಡವೆಂದರು. ಹೂವು ಒಯ್ಯುವುದಾದರೆ ಸೇವಂತಿಗೆ ಮಾತ್ರ ಬೇಡ. ನಮ್ಮಲ್ಲಿ ದೇವರಿಗೆ ಏರಿಸುವ ಹೂವನ್ನು ಅವರು ನವೆಂಬರ್ 2ರಂದು ಸಮಾಧಿಗಳಿಗೆ ಒಯ್ಯುತ್ತಾರೆ.

ಬಾಗಿಲಲ್ಲಿ ‘ಪೆರ್ಮೆಸ್ಸೊ’ (ಒಳಗೆ ಬರಬಹುದೇ) ಎಂದು ಕೇಳಿ ಒಳಗೆ ಹೋಗಿ, ಅವರೇ ಕೈಹಿಡಿದು ಎಳೆಯುತ್ತಿದ್ದರೂ ಸರಿ. ಚಪ್ಪಲಿ ಬಿಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಮನೆಯವರನ್ನು ನೋಡಿ ಅನುಸರಿಸಿ. ಕೆನ್ನೆಗೆ ಕೆನ್ನೆ ತಾಗಿಸುವ ಸ್ವಾಗತ ಅಜ್ಜಿಯಿಂದ ಹಿಡಿದು ನೆರೆಮನೆಯವರವರೆಗೂ ಇರುತ್ತದೆ. ಮುಜುಗರವಾದರೆ ಮೊದಲೇ ಕೈ ಚಾಚಿ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮವರಿಗೆ ಹೇಳಲೇಬೇಕಾದ ಒಂದು ನೆಮ್ಮದಿ: ಪ್ರತಿ ಮನೆಯಲ್ಲೂ ‘ಬಿಡೆ’, ಅಂದರೆ ಶೌಚದ ನಂತರ ನೀರಿನಲ್ಲಿ ತೊಳೆದುಕೊಳ್ಳುವ ತೊಟ್ಟಿ ಇರಬೇಕೆಂದು 1975ರ ಸರ್ಕಾರಿ ಆದೇಶವಿದೆ. ಚೊಂಬು ಹುಡುಕುವ ಪ್ರಮೇಯವಿಲ್ಲ.

ಸಸ್ಯಾಹಾರಿಗಳು ಬರೀ ‘ಸಸ್ಯಾಹಾರಿ’ ಎಂದರೆ ಸಾಲದು. ಮಾಂಸ ಇಲ್ಲ, ಮೀನು ಇಲ್ಲ, ಮಾಂಸದ ಸಾರೂ ಇಲ್ಲ ಎಂದು ಬಿಡಿಸಿ, ವಾರ ಮೊದಲೇ, ಸಂಗಾತಿಯ ಬಾಯಿಂದಲೇ ಹೇಳಿಸಿ. ಇಲ್ಲದಿದ್ದರೆ ಟ್ಯೂನಾ ಮೀನು ತಟ್ಟೆಗೆ ಬರುತ್ತದೆ. ಸೊಪ್ಪು ಬೆರೆಸಿದ ಒರೆಕ್ಕಿಯೆತ್ತೆ ಪಾಸ್ತಾ ನೋಡಲು ಸಾತ್ವಿಕ, ಎಣ್ಣೆಯಲ್ಲಿ ಆಂಚೊವಿ ಮೀನು ಕರಗಿರಬಹುದು. ಪಾರ್ಮೆಸಾನ್ ಚೀಸಿನಲ್ಲಿ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಇರುತ್ತದೆ. ಅದು ನಿಮಗೆ ಮುಖ್ಯವಾದರೆ ಅದನ್ನೂ ಹೇಳಬೇಕು. ಇಷ್ಟು ಹೇಳಿದ ಮೇಲೆ ಪುಲಿಯಾ ಸಸ್ಯಾಹಾರಿಗಳ ಸ್ವರ್ಗ. ಟೊಮೆಟೊ ಹಚ್ಚಿದ ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್, ಅಲ್ತಮುರಾದ ಬ್ರೆಡ್, ಎಲ್ಲಕ್ಕಿಂತ ಮಿಗಿಲಾಗಿ ‘ಫಾವೆ ಎ ಚಿಕೋರಿಯಾ’: ಒಣಗಿದ ಫಾವಾ ಕಾಳನ್ನು ಬೇಯಿಸಿ ಮೆತ್ತಗೆ ಮಸೆದು, ಪಕ್ಕದಲ್ಲಿ ಬೇಯಿಸಿದ ಕಹಿ ಸೊಪ್ಪು, ಮೇಲೆ ಹಸಿ ಆಲಿವ್ ಎಣ್ಣೆ. ನಾವು ಬೇರನ್ನು ಹುರಿದು ಕಾಫಿಗೆ ಬೆರೆಸುವ ಚಿಕೋರಿ ಗಿಡದ ಎಲೆಯೇ ಆ ಸೊಪ್ಪು.

ಊಟ ಒಂದು ಗಂಟೆಗೆ ಆರಂಭವಾದರೆ ನಾಲ್ಕಕ್ಕೆ ಮುಗಿಯಿತು ಎಂದುಕೊಳ್ಳಿ. ಮೊದಲು ಬರುವ ಬುರಾತಾ ಚೀಸ್, ಕರಿದ ತರಕಾರಿ, ಆಲಿವ್‌ಗಳನ್ನು ಊಟವೆಂದು ತಿಳಿದು ಹೊಟ್ಟೆ ತುಂಬಿಸಿಕೊಳ್ಳಬೇಡಿ. ಪಾಸ್ತಾ ಇನ್ನೂ ಒಲೆಯ ಮೇಲಿರುತ್ತದೆ, ಅದರ ನಂತರ ಮತ್ತೊಂದು, ಹಣ್ಣು, ಸಿಹಿ. ಬಡಿಸುವ ರೀತಿ ಬೀಗರೂಟದ್ದೇ: ಸಾಕು ಎಂದದ್ದು ಯಾರ ಕಿವಿಗೂ ಬೀಳುವುದಿಲ್ಲ. ತಟ್ಟೆಯಲ್ಲಿ ತುಸು ಉಳಿದಿರುವಾಗಲೇ ‘ಬಸ್ತಾ ಕೊಸೀ, ಗ್ರಾತ್ಸಿಯೆ’ (ಇಷ್ಟು ಸಾಕು, ಧನ್ಯವಾದ) ಎನ್ನಿ. ಖಾಲಿ ತಟ್ಟೆ ಎಂದರೆ ಇನ್ನಷ್ಟು ಬೇಕು ಎಂದರ್ಥ. ಕೊನೆಗೆ ಎಸ್ಪ್ರೆಸ್ಸೊ. ಅವರಿಗೆ ಬೆಳಗಿನ ಪಾನೀಯವಾದ ಕಾಪುಚ್ಚಿನೊ ಕೇಳಿದರೆ ಹೊಟ್ಟೆ ಕೆಟ್ಟಿದೆಯೇ ಎಂದು ಚಿಕ್ಕಮ್ಮ ವಿಚಾರಿಸುತ್ತಾರೆ. ಭಾಷೆ ಬಾರದಿದ್ದರೂ ಮಾತಿಗೆ ಬರವಿಲ್ಲ. ಎಣ್ಣೆ ಯಾರ ತೋಟದ್ದು ಎಂದು ಕೇಳಿದರೆ ಸಾಕು. 2013ರಲ್ಲಿ ಪುಲಿಯಾದ ದಕ್ಷಿಣದಲ್ಲಿ ಪತ್ತೆಯಾದ ಕ್ಸೈಲೆಲ್ಲಾ ರೋಗ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿದೆ. ಅಡಿಕೆಗೆ ಕೊಳೆರೋಗ ಕಂಡವರಿಗೆ ಆ ಸಂಕಟವನ್ನು ಅನುವಾದಿಸಬೇಕಿಲ್ಲ.

ಭಾನುವಾರ ಸಂಜೆಗೆ ಯಾವ ಟಿಕೆಟನ್ನೂ ಕಾಯ್ದಿರಿಸಬೇಡಿ. ಆಲ್ಬೆರೊಬೆಲ್ಲೊದ ಶಂಕುವಿನಾಕಾರದ ಕಲ್ಲುಚಾವಣಿಯ ಟ್ರುಲ್ಲಿ ಮನೆಗಳು ಹತ್ತಿರವೇ ಇವೆ, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋದರೆ ಪ್ರವಾಸಿ ಬಸ್ಸುಗಳು ಬಂದಿರುವುದಿಲ್ಲ. ಮಾತೆರಾ ಊರಿಗೆ ಒಂದು ಪೂರ್ತಿ ದಿನ ಬೇಕು. ಮಧ್ಯಾಹ್ನ ಅಂಗಡಿಗಳು ಮುಚ್ಚಿರುವ ಹೊತ್ತಿನಲ್ಲಿ ಮನೆಯವರಂತೆ ನೀವೂ ಮಲಗಿ.

ಹಿಂದಿರುಗುವಾಗ ಡಿಕ್ಕಿಯಲ್ಲಿ ಅರ್ಧದಷ್ಟು ಜಾಗ ಖಾಲಿಯಿರಲಿ. ಐದು ಲೀಟರಿನ ಎಣ್ಣೆ ಡಬ್ಬಿ, ಬೇಸಿಗೆಯಲ್ಲಿ ಮನೆಯಲ್ಲೇ ಮಾಡಿದ ಟೊಮೆಟೊ ರಸದ ಬಾಟಲಿಗಳು, ತರಾಲ್ಲಿ ಎಂಬ ಗರಿಗರಿ ಬಳೆಯಾಕಾರದ ತಿಂಡಿಯ ಪೊಟ್ಟಣಗಳು, ಬೇಡವೆಂದರೂ ಹಿಂದಿನ ರಾತ್ರಿಯೇ ಬಾಗಿಲ ಬಳಿ ಸಾಲಾಗಿ ನಿಂತಿರುತ್ತವೆ. ಬಾಟಲಿಗಳಿಗೆ ಹಳೆಯ ಟವೆಲ್ ಸುತ್ತಿ ನೆಟ್ಟಗೆ ನಿಲ್ಲಿಸಿ. ಮ್ಯೂನಿಕ್‌ನಿಂದ ಬೆಂಗಳೂರಿಗೆ ವಿಮಾನ ಹತ್ತುವವರು ಎಣ್ಣೆಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಿ.