"ಅಣ್ಣಾ, ಅದು ಎಕ್ಸ್4 ಅಲ್ವಾ?"

ಪಿಯುಸಿ ಓದುವ ಹುಡುಗನೊಬ್ಬ ನಮ್ಮ ಕೌಂಟರ್ ಮುಂದೆ ನಿಂತು ಕೇಳಿದ ಪ್ರಶ್ನೆ ಇದು. ನಾನು ಕೊಟ್ಟ ಉತ್ತರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

2022ರ ಅಕ್ಟೋಬರ್. ದಸರಾ ಮುಗಿದು ವಾರವಾಗಿತ್ತು. ಆಯುಧಪೂಜೆಯ ಕುಂಕುಮ ಸ್ಕ್ರೂಡ್ರೈವರ್ ಹಿಡಿಗಳ ಮೇಲೆ ಹಾಗೇ ಇತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಮ್ಮದು ಎರಡನೇ ಮಹಡಿಯ ಕಂಪ್ಯೂಟರ್ ಅಂಗಡಿ. ಮೆಟ್ಟಿಲು ಹತ್ತಿ ಬರುವವರು ಕೆಳಗೆ ನಾಲ್ಕು ಕಡೆ ರೇಟ್ ಕೇಳಿಕೊಂಡೇ ಬರುತ್ತಾರೆ. ಇವರೂ ಹಾಗೇ ಬಂದರು. ಅಪ್ಪ, ಮಗ. ಅಪ್ಪನ ಹೆಗಲ ಮೇಲೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ ಕ್ಯಾಬಿನೆಟ್. ಮಾಗಡಿಯಿಂದ ಬಸ್ಸಿನಲ್ಲಿ ತಂದಿದ್ದರು.

ಬಿಚ್ಚಿ ನೋಡಿದೆ. 2014ರ ಅಸೆಂಬಲ್ಡ್ ಸಿಸ್ಟಂ. ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ಮೆಮೊರಿ, ಜಿಟಿ 730 ಗ್ರಾಫಿಕ್ಸ್ ಕಾರ್ಡ್. ಧೂಳಿನ ಜೊತೆ ಒಂದು ಸತ್ತ ಜಿರಳೆ. ಸಿಸ್ಟಂಗೆ ಕರೆಂಟ್ ಕೊಡುವ ಲೋಕಲ್ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು, ಆದರೆ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 6 ಪಿನ್ ಕೇಬಲ್ಲೇ ಇಲ್ಲ. ಕೈಯಲ್ಲಿ ಎತ್ತಿ ನೋಡಿದರೆ ಸಾಕು, ಖಾಲಿ ಟಿಫಿನ್ ಡಬ್ಬಿಯ ತೂಕ.

"ಇಪ್ಪತ್ತು ಸಾವಿರದೊಳಗೆ ಆಗಬೇಕು ಸಾರ್. ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡಿ, ಮಿಕ್ಕಿದ್ದೆಲ್ಲ ಇದೇ ನಡೀಲಿ" ಎಂದರು ಅಪ್ಪ.

ಹುಡುಗ ಲೆಕ್ಕ ಹಾಕಿಕೊಂಡೇ ಬಂದಿದ್ದ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1060, 6 ಜಿಬಿ ಬೇಕು ಎಂದ. ನಾನು ಸುತಾರಾಂ ಬೇಡ ಎಂದೆ. ಆ ಸೆಪ್ಟೆಂಬರ್ 15ಕ್ಕೆ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಈಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತು, ಮೈನಿಂಗ್ ಕಾರ್ಡುಗಳು ಮಾರ್ಕೆಟ್ಟಿಗೆ ರಾಶಿ ಬಿದ್ದಿದ್ದವು. ವರ್ಷಗಟ್ಟಲೆ ಹಗಲೂ ರಾತ್ರಿ ಓಡಿದ ಕಾರ್ಡನ್ನು ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಸುತ್ತಿ ಕೊಡುವವರಿದ್ದರು. "ಮೂರು ತಿಂಗಳಲ್ಲಿ ಕೈಕೊಟ್ಟರೆ ಯಾರನ್ನು ಕೇಳ್ತೀರಿ?" ಎಂದು ಅಪ್ಪನನ್ನೇ ಕೇಳಿದೆ. ಅಪ್ಪ ಮಗನ ಮುಖ ನೋಡಿದರು. ಅಲ್ಲಿಗೆ ನಾನು ಗೆದ್ದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಅದರ ಬದಲು ನಾನು ತೋರಿಸಿದ ಆರ್‌ಎಕ್ಸ್ 6500 ಎಕ್ಸ್‌ಟಿ ಆ ಜನವರಿಯಲ್ಲಷ್ಟೇ ಬಂದಿದ್ದ ಕಾರ್ಡ್. ಕಾರ್ಡೇ ಸಿಗದ ಕಾಲದಲ್ಲಿ ನಮ್ಮ ಓನರ್ ಜಾಸ್ತಿ ರೇಟಿಗೆ ಎತ್ತಿಟ್ಟಿದ್ದರು. ಆಮೇಲೆ ರೇಟ್ ಇಳಿಯಿತು, ನಾಲ್ಕು ಪೀಸ್ ಶೆಲ್ಫಿನಲ್ಲೇ ಕೂತವು. ದಿನಾ ಬೆಳಗ್ಗೆ ಅದೇ ಮಾತು, "ಆ ನಾಲ್ಕು ಕ್ಲಿಯರ್ ಮಾಡ್ರಪ್ಪಾ." ಪೀಸಿಗೆ ಮುನ್ನೂರು ಇನ್ಸೆಂಟಿವ್ ಬೇರೆ. ಹೊಸ ಕಾರ್ಡು, ಮೂರು ವರ್ಷ ವಾರಂಟಿ, 107 ವ್ಯಾಟ್, ಒಂದೇ 6 ಪಿನ್. 16,500ಕ್ಕೆ ಕಾರ್ಡ್, 2,800ಕ್ಕೆ ಒಳ್ಳೇ ಎಸ್‌ಎಂಪಿಎಸ್. ಬಜೆಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಆಗಲೇ ಹುಡುಗ ಮೆಲ್ಲಗೆ ಕೇಳಿದ್ದು. "ಅಣ್ಣಾ, ಅದು ಎಕ್ಸ್4 ಅಲ್ವಾ?"

"ಪಿಸಿಐ ಎಲ್ಲಾ ಬ್ಯಾಕ್‌ವರ್ಡ್ ಕಂಪಾಟಿಬಲ್ ಕಣಪ್ಪಾ. ಸ್ಲಾಟಿಗೆ ಕೂತರೆ ಓಡುತ್ತೆ."

ಸುಳ್ಳಲ್ಲ, ಪಿಸಿಐ ಅಂದರೆ ಕಾರ್ಡ್ ಕೂರುವ ಸ್ಲಾಟು, ಹಳೇದರಲ್ಲೂ ಹೊಸ ಕಾರ್ಡ್ ಓಡುತ್ತದೆ. ಆದರೆ ಅವನು ಕೇಳಿದ್ದು ಓಡುತ್ತಾ ಅಂತ ಅಲ್ಲ, ಹೇಗೆ ಓಡುತ್ತೆ ಅಂತ. ಅದು ಗೊತ್ತಾಗಲು ನನಗೆ ಮೂರು ದಿನ ಬೇಕಾಯಿತು.

ಎಸ್‌ಎಂಪಿಎಸ್ ಬದಲಿಸಿ, ಕಾರ್ಡ್ ಕೂರಿಸಿ, ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ನೋ ಡಿಸ್‌ಪ್ಲೇ. ರ‍್ಯಾಮ್ ತೆಗೆದು ಹಾಕಿದೆ, ಸಿಮಾಸ್ ಸೆಲ್ ಕಿತ್ತೆ, ಕಾರ್ಡನ್ನು ಮತ್ತೆ ಒತ್ತಿ ಕೂರಿಸಿದೆ. ಊಹೂಂ. ಹಿಂದೆ ಸ್ಟೂಲಿನ ಮೇಲೆ ಅಪ್ಪ ಟೀ ಲೋಟ ಹಿಡಿದು ಕೂತಿದ್ದರು, ಕುಡಿಯುತ್ತಿರಲಿಲ್ಲ. ಕಾರ್ಡ್ ತೆಗೆದು ಆನ್‌ಬೋರ್ಡ್ ವಿಜಿಎಗೆ ಹಾಕಿದರೆ ಡಿಸ್‌ಪ್ಲೇ ಬಂತು. ಬಯೋಸ್, ಅಂದರೆ ಬೋರ್ಡನ್ನು ಎಬ್ಬಿಸುವ ಸಾಫ್ಟ್‌ವೇರ್, 2014ರದ್ದೇ. ಹುಟ್ಟಿದಾಗಿನಿಂದ ಯಾರೂ ಮುಟ್ಟಿಲ್ಲ. ಸರಿ, ಪೆನ್‌ಡ್ರೈವಿಗೆ ಹೊಸ ಬಯೋಸ್ ಹಾಕಿಕೊಂಡು, ಅದನ್ನು ಬೋರ್ಡಿಗೆ ಬರೆಯುವ ಫ್ಲ್ಯಾಶ್ ಶುರು ಮಾಡಿದೆ.

ಅರ್ಧ ದಾಟಿತ್ತು. ತಲೆ ಮೇಲಿನ ಫ್ಯಾನ್ ಸದ್ದು ನಿಧಾನವಾಯಿತು. ಕರೆಂಟ್ ಹೋಯಿತು.

ನಮ್ಮ ಬೆಂಚಿನ ಯುಪಿಎಸ್ ಬಗ್ಗೆ ಹೇಳಬೇಕು. ಅದರ ಬ್ಯಾಟರಿ ಹೋಗಿದೆ ಅಂತ ಜುಲೈನಿಂದ ಹೇಳುತ್ತಾ ಬಂದಿದ್ದೆ. "ಮುಂದಿನ ತಿಂಗಳು ನೋಡೋಣ" ಅನ್ನುವುದು ಖಾಯಂ ಉತ್ತರ. ಕಂಪ್ಯೂಟರ್ ಅಂಗಡಿ, ಗೋಡೌನಿನಲ್ಲಿ ಯುಪಿಎಸ್ ಬ್ಯಾಟರಿ ಅಟ್ಟಿ ಬಿದ್ದಿದೆ, ಸರ್ವಿಸ್ ಬೆಂಚಿಗೆ ಮಾತ್ರ ಇಲ್ಲ! ಹೋದ ವಾರ ಇದೇ ಯುಪಿಎಸ್ ಒಂದು ನಿಮಿಷಕ್ಕೆ ಕಣ್ಣು ಮುಚ್ಚಿತ್ತು. ಈಗ ಕೀಂ ಕೀಂ ಅಂತ ಕೂಗಲು ಶುರು ಮಾಡಿತು. ಪರದೆ ಮೇಲೆ 61. ನಾನು ಬೆಂಚಿನ ಅಂಚು ಹಿಡಿದು ನಿಂತೆ. ಟೇಬಲ್ ಲ್ಯಾಂಪು, ಸೋಲ್ಡರಿಂಗ್ ಸ್ಟೇಷನ್, ಪಕ್ಕದ ಮಾನಿಟರು, ಎಲ್ಲದರ ಪ್ಲಗ್ ಕಿತ್ತೆ. 74. ಅಪ್ಪ ಕೇಳಿದರು, "ಏನಾದ್ರೂ ತೊಂದ್ರೆನಾ ಸಾರ್?" "ಏನಿಲ್ಲ ಸಾರ್, ಕೂತ್ಕೊಳ್ಳಿ" ಎಂದೆ. ಬಾಯಿ ಒಣಗಿತ್ತು. ಇಲ್ಲಿ ಆಫ್ ಆದರೆ ಬೋರ್ಡ್ ಸತ್ತ ಹಾಗೇ. ಎಂಟು ವರ್ಷ ಹಳೇ ಎಚ್81 ಎಲ್ಲಿಂದ ತರಲಿ? 88ರಲ್ಲಿ ಸ್ವಲ್ಪ ಹೊತ್ತು ನಿಂತೇಬಿಟ್ಟಿತು. ಆ ಸ್ವಲ್ಪ ಹೊತ್ತು ನಾನೂ ಉಸಿರಾಡಲಿಲ್ಲ.

100 ಆಯಿತು. ತಾನೇ ರೀಸ್ಟಾರ್ಟ್ ಆಗುವಾಗಲೇ ಯುಪಿಎಸ್ ಪೂರ್ತಿ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಕಾರ್ಡ್ ಹಾಕಿದರೆ ಡಿಸ್‌ಪ್ಲೇ ಚೊಕ್ಕವಾಗಿ ಬಂತು.

ಈ ಗೆಲುವೇ ನನ್ನ ತಲೆ ಕೆಡಿಸಿತು ಅನ್ನಿಸುತ್ತದೆ. ದೊಡ್ಡ ಗಂಡಾಂತರ ದಾಟಿದೆ, ಇನ್ನೇನಿದೆ ಅನ್ನುವ ಭಾವ. ಡ್ರೈವರ್ ಹಾಕಿ, ಕಾರ್ಡ್ ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರನ್ನು ಹತ್ತು ನಿಮಿಷ ಓಡಿಸಿದೆ. ಟೆಂಪರೇಚರ್ ಸರಿ, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಸರಿ. ಜಾಬ್‌ಶೀಟಿನಲ್ಲಿ "ಟೆಸ್ಟೆಡ್ ಓಕೆ" ಎಂದು ಬರೆದು ಸಹಿ ಹಾಕಿದೆ. ಫರ್‌ಮಾರ್ಕ್ ಕಾರ್ಡನ್ನು ಬಿಸಿ ಮಾಡುತ್ತದೆ ಅಷ್ಟೇ. ಅದಕ್ಕೆ ಬೇಕಾದ್ದೆಲ್ಲ ಕಾರ್ಡಿನ ಮೆಮೊರಿಯಲ್ಲೇ ಕೂತಿರುತ್ತದೆ, ಸ್ಲಾಟಿನ ದಾರಿಯಲ್ಲಿ ಓಡಾಟವೇ ಇಲ್ಲ. ನಾನು ಪರೀಕ್ಷೆ ಮಾಡಬೇಕಿದ್ದದ್ದು ಆ ದಾರಿಯನ್ನು.

ಮೂರನೇ ದಿನ ಹುಡುಗ ಒಬ್ಬನೇ ಬಂದ. ಅದೇ ಬೆಡ್‌ಶೀಟ್ ಗಂಟು. ಜಗಳ ಮಾಡಲಿಲ್ಲ. "ಅಣ್ಣಾ, ಒಂದ್ಸಲ ನೀವೇ ಆಡಿ ನೋಡಿ" ಎಂದ. ಕಾರು ಓಡಿಸುವ ಆಟ. ಖಾಲಿ ರಸ್ತೆಯಲ್ಲಿ 60 ಎಫ್‌ಪಿಎಸ್. ಊರೊಳಗೆ ನುಗ್ಗಿದ ಕೂಡಲೇ 60 ಇದ್ದದ್ದು 12. ಕಾರು ಗೋಡೆಗೆ ಹೊಡೆದ ಮೇಲೆ ಗೋಡೆ ಕಾಣಿಸಿತು. ಆಟದ ಚಿತ್ರದ ವಿವರ ನಿರ್ಧರಿಸುವ ಟೆಕ್ಸ್ಚರನ್ನು ಮೀಡಿಯಂಗೆ ಇಳಿಸಿದೆ. ಎಷ್ಟೋ ಸರಿಯಾಯಿತು. "ಹೈನಲ್ಲಿ ಆಡೋಕೆ ಅಲ್ವಾ ಅಣ್ಣಾ ತಗೊಂಡಿದ್ದು?" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದೆ. ಬಸ್ ಇಂಟರ್‌ಫೇಸ್ ಎದುರು, ಕೊನೆಯಲ್ಲಿ, ಎಕ್ಸ್4 2.0. ಕಾರ್ಡ್ ಸ್ಲಾಟಿನ ತುಂಬಾ ಕೂತಿದ್ದರೂ ಬಳಸುವುದು ನಾಲ್ಕೇ ಲೇನ್, ಅಂದರೆ ಮಾಹಿತಿ ಓಡಾಡುವ ನಾಲ್ಕೇ ದಾರಿ; ಎಕ್ಸ್4 ಅಂದರೆ ಅದೇ. ಜೆನ್ 4, ಅಂದರೆ ಪಿಸಿಐನ ನಾಲ್ಕನೇ ಪೀಳಿಗೆಯ ಬೋರ್ಡಿನಲ್ಲಿ ಆ ನಾಲ್ಕರಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹೋಗುತ್ತದೆ. ಎಚ್81 ಇರುವುದು ಜೆನ್ 2. ಅಲ್ಲಿ ಅದೇ ನಾಲ್ಕು ಲೇನಿಗೆ 2 ಜಿಬಿ. 4 ಜಿಬಿ ಮೆಮೊರಿ ತುಂಬಿ ಮಿಕ್ಕಿದ್ದನ್ನು ರ‍್ಯಾಮಿನಿಂದ ಎಳೆದುಕೊಳ್ಳಲು ಹೋದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹುಡುಗ ಕೇಳಿದ್ದ 1060 ಇದ್ದಿದ್ದರೆ? 2016ರ ಕಾರ್ಡ್, ಆದರೆ ಹದಿನಾರು ಲೇನ್. ಅದೇ ಹಳೇ ಸ್ಲಾಟಿನಲ್ಲಿ 8 ಜಿಬಿ. ಮೇಲಿಂದ 6 ಜಿಬಿ ಮೆಮೊರಿ.

ಕಾರ್ಡಿನದೇನೂ ತಪ್ಪಿಲ್ಲ. ಜೆನ್ 4 ಇರುವ ನಮ್ಮ ಬಿ550 ಬೆಂಚ್ ಬೋರ್ಡಿಗೆ ಹಾಕಿದರೆ ಅದೇ ಆಟ, ಅದೇ ಊರು, ಸುಮಾರಾಗಿ ನಯವಾಗಿಯೇ ಓಡಿತು. ನಾಲ್ಕೇ ಲೇನ್ ಅನ್ನುವುದೂ ಗುಟ್ಟಲ್ಲ, ಸ್ಪೆಕ್‌ನಲ್ಲೇ ಇತ್ತು. ಓದಬೇಕಾದವನು ಓದಿರಲಿಲ್ಲ. ಹೇಳಿದವನ ಮಾತು ಕೇಳಿರಲಿಲ್ಲ.

ಓನರ್ ವಾಪಸ್ ತಗೊಳ್ಳಲು ಒಪ್ಪಲಿಲ್ಲ. "ಬಿಲ್ ಆಗಿದೆ, ಸೀಲ್ ಒಡೆದಿದೆ. ಡಿಫೆಕ್ಟ್ ಇಲ್ದೆ ಕಂಪನಿಗೆ ವಾಪಸ್ ಕಳಿಸೋ ಆರ್‌ಎಂಎ ಹೇಗೆ ಹಾಕ್ತೀಯ?" ಅವರ ಮಾತಲ್ಲೂ ನ್ಯಾಯ ಇತ್ತು ಅನ್ನಿ. ಪಕ್ಕದ ಬಿಲ್ಡಿಂಗಿನ ಗೆಳೆಯನಿಗೆ ಫೋನ್ ಹಚ್ಚಿದೆ. ಅವನ ಹತ್ತಿರ ರೈಜನ್ 5600 ಪ್ರೊಸೆಸರ್, ಬಿ550 ಬೋರ್ಡಿನ ಬಿಲ್ಡ್ ಒಂದಿತ್ತು. 5600ಜಿ ಅಲ್ಲ ತಾನೇ ಅಂತ ಎರಡು ಸಲ ಕೇಳಿಕೊಂಡೆ, ಅದರಲ್ಲಿ ಜೆನ್ 4 ಇಲ್ಲ. ಓಪನ್ ಬಾಕ್ಸ್ ಅಂತ 13,500ಕ್ಕೆ ತಗೊಂಡ. ಮೂರು ಸಾವಿರ ನಷ್ಟ. ಅರ್ಧ ಓನರ್ ನುಂಗಿದರು, ಅರ್ಧ ನನ್ನ ದೀಪಾವಳಿ ಬೋನಸ್ಸಿನಲ್ಲಿ ಹೋಯಿತು. ಇನ್ಸೆಂಟಿವ್ ಮುನ್ನೂರನ್ನೂ ಮರೆಯದೆ ಮುರಿದುಕೊಂಡರು.

1060 ಸಿಕ್ಕಿದ್ದು ಮುಚ್ಚುತ್ತಿದ್ದ ಒಂದು ಗೇಮಿಂಗ್ ಕೆಫೆಯಿಂದ, 9,500ಕ್ಕೆ. ಬಿಚ್ಚಿದರೆ ಚಿಪ್ಪಿನ ಬಿಸಿ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ಒರೆಸಿ, ಈ ಸಲ ಫರ್‌ಮಾರ್ಕ್ ಜೊತೆ ಹುಡುಗನ ಕೈಯಲ್ಲೇ ಒಂದು ಗಂಟೆ ಆಟ ಆಡಿಸಿದೆ. ಊರೊಳಗೆ ಮೂರು ಸುತ್ತು. ಉಳಿದ ಏಳು ಸಾವಿರದಲ್ಲಿ ಒಂದು ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ಡಿಡಿಆರ್3 ಹಾಕಿಸಿಕೊಂಡು, ಮಿಕ್ಕಿದ್ದನ್ನು ಅಪ್ಪನಿಗೆ ಕೊಡಬೇಕು ಅಂತ ಜೇಬಿಗಿಟ್ಟುಕೊಂಡ.

ಇದನ್ನೆಲ್ಲ ಬಿಲ್ಲಿಂಗಿನ ಹುಡುಗರು ಕೌಂಟರಿನಿಂದ ನೋಡುತ್ತಿದ್ದರು. ಅಂದಿನಿಂದ ನನಗೆ ಮುಕ್ತಿ ಇಲ್ಲ. ಸಂಜೆ ಟೀಯವನು ಐದು ಜನಕ್ಕೆ ನಾಲ್ಕು ಲೋಟ ತಂದಿಟ್ಟು ಹೋದರೆ ಸಾಕು, ಯಾರಾದರೊಬ್ಬ ನನ್ನ ಕಡೆ ತಿರುಗಿ ಕೇಳುತ್ತಾನೆ, "ಅಣ್ಣಾ, ಅದು ಎಕ್ಸ್4 ಅಲ್ವಾ?"