ಸಿಡಿ 100ಗೆ ಪೆಟ್ರೋಲ್ ಲೆಕ್ಕ: ಇಲ್ಲಿವರೆಗೆ ಆದ ಕೆಲಸ

ಅಪ್ಪನ ಬೈಕ್ ಹೀರೋ ಹೋಂಡಾ ಸಿಡಿ 100ಗೆ ಪೆಟ್ರೋಲ್ ಮೀಟರ್ ಇಲ್ಲ. ಅದಕ್ಕೊಂದು ಮೀಟರ್ ನಾನೇ ಮಾಡೋಕೆ ಹೊರಟಿದ್ದೀನಿ. ‘ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್’ ಅಂತ ಜಾಹೀರಾತು ಕೊಟ್ಟು 1985ರಲ್ಲಿ ಬಂದ ಮಾಡೆಲ್ ಇದು. ಮರೆತವರಿಗೆ ನೆನಪಿಸೋಕೆ ಇರೋದು ತಳದಲ್ಲುಳಿದ ಪೆಟ್ರೋಲ್ ಬಿಡೋ ರಿಸರ್ವ್ ನಾಬ್ ಒಂದೇ.

ನಮ್ಮ ಬೀದಿ ಮೆಕ್ಯಾನಿಕ್ ಪ್ರಕಾರ ಇದೊಂದು ಕೆಲಸವೇ ಅಲ್ಲ. “ಗಾಡಿ ಅಲ್ಲಾಡ್ಸಿ, ಗುಳುಗುಳು ಅಂದ್ರೆ ಇದೆ ಅಂತ. ಅದಕ್ಕ್ಯಾಕೆ ಸರ್ ವೈರು?” ಮಾತು ಸುಳ್ಳಲ್ಲ. ಆದರೆ ತುಮಕೂರು ಬಿಟ್ಟು ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಕಡೆ ಹೊರಟವನಿಗೆ ‘ಇದೆ’ ಅಂದರೆ ಸಾಲದು, ಇನ್ನೆಷ್ಟು ದೂರಕ್ಕಿದೆ ಅಂತ ಗೊತ್ತಾಗಬೇಕು.

ಮೊದಲು ಟ್ಯಾಂಕಿನ ಅಳತೆ. ಪೂರ್ತಿ ಖಾಲಿ ಮಾಡಿ, ಕಾರ್ಬುರೇಟರಿಗೆ ಹೋಗೋ ಪೈಪ್ ಬಿಚ್ಚಿ ಅದರ ತುದಿಯನ್ನ ಡಬ್ಬಿಯೊಳಗಿಟ್ಟೆ. ನಾಬ್ ‘ಆನ್’ನಲ್ಲಿಟ್ಟು ಅಳತೆ ಜಾರಿಂದ ನಿಧಾನಕ್ಕೆ ಸುರಿದೆ. ನಾಬಿನಿಂದ ಟ್ಯಾಂಕಿನೊಳಕ್ಕೆ ಒಂದು ಕೊಳವೆ ಎದ್ದು ನಿಂತಿರುತ್ತೆ. ‘ಆನ್’ನಲ್ಲಿ ಪೆಟ್ರೋಲ್ ಅದರ ಬಾಯಿಂದ ಮಾತ್ರ ಇಳಿಯುತ್ತೆ, ರಿಸರ್ವ್‌ನಲ್ಲಿ ತಳದ ತೂತಿಂದ. ಪೈಪಿನ ತುದಿಯಲ್ಲಿ ಮೊದಲ ಹನಿ ಕಂಡಾಗ ಒಂದು ಲೀಟರಿಗಿಂತ ತುಸು ಜಾಸ್ತಿ ಸುರಿದಾಗಿತ್ತು. ಅಷ್ಟೇ ರಿಸರ್ವ್. (ಈ ಕೆಲಸ ಬಯಲಲ್ಲಿ, ಎಂಜಿನ್ ತಣ್ಣಗಿದ್ದಾಗ ಮಾಡಿ. ಬೀಡಿ ಹಚ್ಚಿಕೊಂಡು ನೋಡೋಕೆ ಬರೋರನ್ನ ದೂರ ಇಡಿ.)

ಆಮೇಲೆ ಅರ್ಧರ್ಧ ಲೀಟರ್ ಹಾಕುತ್ತಾ ಬಿದಿರು ಕಡ್ಡಿಗೆ ಗೀಟು ಎಳೆದೆ. ಕಡ್ಡಿ ತಳ ಮುಟ್ಟೋದೇ ಇಲ್ಲ! ಫ್ರೇಮ್ ಹಾಯೋಕೆ ಬಿಟ್ಟ ಉಬ್ಬಿನ ಮೇಲೆ ಹೋಗಿ ಕೂರುತ್ತೆ. ನಮಗೆ ಬೇಕಾದ ಕೊನೇ ಭಾಗ ಉಬ್ಬಿನ ಎರಡೂ ಪಕ್ಕ ಎರಡು ಹೊಂಡದಲ್ಲಿರುತ್ತೆ, ನಾಬ್ ಇರೋದು ಎಡಗಡೆ ಹೊಂಡಕ್ಕೆ. ಪೆಟ್ರೋಲ್ ಮುಗಿದಾಗ ಗಾಡೀನ ಎಡಕ್ಕೆ ಮಲಗಿಸಿ ಎತ್ತೋದು ಇದಕ್ಕೇ: ಬಲಗಡೆ ಉಳಿದದ್ದು ಉಬ್ಬು ಹತ್ತಿ ಈಚೆ ಬೀಳುತ್ತೆ.

ಹಾಗಾಗಿ ಪೆಟ್ರೋಲ್ ಮೇಲೆ ತೇಲಿ ಮಟ್ಟ ತೋರಿಸೋ ಫ್ಲೋಟನ್ನ ಟ್ಯಾಂಕಿಗೆ ಇಳಿಸೋ ಯೋಚನೆ ಬಿಟ್ಟೆ. ಸ್ಟ್ಯಾಂಡಿನಲ್ಲಿ ಒಂದು ತೋರಿಸುತ್ತೆ, ರಸ್ತೆ ಹಂಪ್ ಮೇಲೆ ಇನ್ನೊಂದು. ಕೆಪಾಸಿಟರ್ ಸೆನ್ಸರ್ ಹಾಕು ಅಂತ ತಮ್ಮ ಹೇಳಿದ. ಅದು ಓದೋದು ದ್ರವದ ಡೈಎಲೆಕ್ಟ್ರಿಕ್ ಗುಣ, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡೋಕೆ ಅದು ಎಷ್ಟು ನೆರವಾಗುತ್ತೆ ಅನ್ನೋದು. ಪೆಟ್ರೋಲಿಗೆ ಅದು ಸುಮಾರು 2, ಎಥನಾಲಿಗೆ ಸುಮಾರು 24. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಮಿಶ್ರಣ ಒಂಚೂರು ಏರುಪೇರಾದರೂ ಮೀಟರ್ ಪೆಟ್ರೋಲ್ ಹೆಚ್ಚಾಯ್ತು, ಕಮ್ಮಿಯಾಯ್ತು ಅನ್ನುತ್ತೆ.

ನನ್ನ ಮಟ್ಟಿಗೆ ಈ ಟ್ಯಾಂಕಿನಲ್ಲಿ ನಂಬಬಹುದಾದ ಗುರುತು ಒಂದೇ, ರಿಸರ್ವಿಗೆ ಬೀಳೋ ಜಾಗ. ಅದನ್ನೇ ಹಿಡಿದುಕೊಂಡೆ. ಮುಂದಿನ ಚಕ್ರದ ಕಡ್ಡಿಗೊಂದು ಮ್ಯಾಗ್ನೆಟ್, ಫೋರ್ಕಿಗೆ ಹಾಲ್ ಸೆನ್ಸರ್ (ಮ್ಯಾಗ್ನೆಟ್ ಎದುರಿಗೆ ಬಂದಾಗಲೆಲ್ಲ ಸಿಗ್ನಲ್ ಕೊಡೋದು). ಸೀಮೆಸುಣ್ಣದ ಗುರುತು ಹಾಕಿ ನೂಕಿ ನೋಡಿದರೆ ಚಕ್ರದ ಒಂದು ಸುತ್ತಿಗೆ ಹತ್ತಿರಹತ್ತಿರ 1.85 ಮೀಟರ್. ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಸುತ್ತು ಎಣಿಸಿ, ಓಡಿದ ದೂರ ಮತ್ತು ಮೈಲೇಜಿಂದ ಉಳಿದ ಪೆಟ್ರೋಲ್ ಲೆಕ್ಕ ಹಾಕುತ್ತೆ. ನಾಬಿನ ಹತ್ತಿರ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡಿಕೊಳ್ಳೋ ಸ್ವಿಚ್) ಅಂಟಿಸಿದ್ದೀನಿ. ಅದರ ಕಾಂಟ್ಯಾಕ್ಟ್ ಗಾಜಿನ ಕೊಳವೆಯೊಳಗೆ ಸೀಲ್ ಆಗಿರೋದರಿಂದ ಕಿಡಿ ಹೊರಗೆ ಬರೋ ಭಯ ಕಮ್ಮಿ. ನಾಬ್ ರಿಸರ್ವಿಗೆ ತಿರುಗಿಸಿದ ತಕ್ಷಣ, ಹಳೇ ಲೆಕ್ಕ ಏನೇ ಇರಲಿ, ಉಳಿದದ್ದು ರಿಸರ್ವಿನ ಅಳತೆ ಅಂತ ಸರಿಮಾಡಿಕೊಳ್ಳುತ್ತೆ. ಫುಲ್ ಟ್ಯಾಂಕಿಂದ ಅಲ್ಲಿವರೆಗೆ ಓಡಿದ ದೂರದಿಂದ ಮೈಲೇಜನ್ನೂ ಅದೇ ತಿದ್ದುತ್ತೆ.

ದೇವರಾಯನದುರ್ಗದ ಬೆಟ್ಟದ ರಸ್ತೆಯಲ್ಲಿ ಮಾತ್ರ ಈ ಗುರುತೂ ಜಾರುತ್ತೆ. ನಾಬ್ ಟ್ಯಾಂಕಿನ ಹಿಂದಿದೆ. ಏರುವಾಗ ಪೆಟ್ರೋಲ್ ಹಿಂದಕ್ಕೆ ಬಂದು ಕೊಳವೆ ಮುಳುಗೇ ಇರುತ್ತೆ; ಇಳಿಯುವಾಗ ಮುಂದಕ್ಕೋಡಿ ರಿಸರ್ವ್ ಬೇಗ ಬೀಳುತ್ತೆ. ಅದಕ್ಕೇ ಒಂದು ಬಟನ್ ಇಟ್ಟಿದ್ದೀನಿ, ಒತ್ತಿದರೆ ಆ ಸಲದ ತಿದ್ದುಪಡಿ ರದ್ದು.

ಬಾಕಿ ಇರೋದು ಮಳೆ. ಡಿಸ್ಪ್ಲೇ ಡಬ್ಬಿಗೆ ನೀರು ಇಳಿಯದ ಹಾಗೆ ಸರಿಯಾದ ರಬ್ಬರ್ ಸಿಕ್ಕರೆ ಪಾವಗಡದ ರಸ್ತೆಗೆ ಒಯ್ದು ನೋಡಬೇಕು. ಅಲ್ಲಿವರೆಗೆ ಡಿಕ್ಕಿಯಲ್ಲಿ ಬಿದಿರು ಕಡ್ಡಿ ಇರಲಿ ಅಂತ ಅಪ್ಪನ ಅಪ್ಪಣೆ.